ಟ್ರ್ಯಾಮಿನಲ್ಲಿ ಒಂದು ಬಕೆಟ್ಟು

ಸತ್ತದ್ದು ಒಂಬತ್ತು. ಉಳಿದದ್ದು ಇಪ್ಪತ್ತೆರಡು.
ಅಣ್ಣ ಅಲೊಯ್ಸ್ ಆಸ್ಪತ್ರೆಯಿಂದ ದಿನಕ್ಕೆರಡು ಸಲ ಫೋನು ಮಾಡಿ
ನೀಲಿಯದು ಹೇಗಿದೆ ಅನ್ನುತ್ತಾನೆ,
ಕಾಲಿಗೆ ಹಸಿರು ಉಂಗುರ ತೊಡಿಸಿದ ಆ ನೀಲಿ ಪಾರಿವಾಳ.
ಅದು ಒಂಬತ್ತರಲ್ಲಿ ಒಂದು ಎಂದು ನಾನಿನ್ನೂ ಹೇಳಿಲ್ಲ.

ಹಕ್ಕಿಗಳ ಡಾಕ್ಟರಮ್ಮ ಬಂದು ಮೂಗು ಮುಚ್ಚಿಕೊಂಡೇ ಹೇಳಿ ಹೋದಳು:
ಹಲಗೆ ಹಲಗೆಯೂ ಉಜ್ಜಬೇಕು,
ಕೂರುವ ಕೋಲು, ಕಾಳಿನ ತೊಟ್ಟಿ, ಬಾಗಿಲ ಚಿಲಕ,
ಮೊದಲು ಹಿಕ್ಕೆ ಕೆರೆದು ಆಮೇಲೆ ಫಿನಾಯಿಲ್,
ಹತ್ತು ನಿಮಿಷ ಹಸಿಯಾಗಿಯೇ ಇರಲಿ.
ಉಳಿದ ನೀರು ಎಲ್ಲಿಗೆ ಅಂತ ಅವಳು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಮೊದಲ ಬಕೆಟ್ಟನ್ನು ಕರಂಟ್ ಗಿಡದ ಬುಡಕ್ಕೇ ಸುರಿದೆ.
ನಲವತ್ತು ವರ್ಷ ಆಲೂಗಡ್ಡೆ ತೊಳೆದ ನೀರು ಸುರಿದ ಕೈ,
ತಲೆಯನ್ನು ಕೇಳಿ ಮಾಡುವ ಪದ್ಧತಿ ಅದಕ್ಕಿಲ್ಲ.
ಹಾಲಿನಂತೆ ಬೆಳ್ಳಗಿತ್ತು. ಮಣ್ಣು ಕುಡಿಯಿತು.
ಸಿಗರೇಟು ಹಚ್ಚಿ ನಿಂತೆ.
ಆಗ ಎದ್ದು ಬಂದವು ಎರೆಹುಳುಗಳು,
ಒಂದು, ಮೂರು, ಎಣಿಸಲಾರದಷ್ಟು,
ಮಳೆಗೆ ಬರುವ ಹಾಗಲ್ಲ,
ಮನೆಗೆ ಬೆಂಕಿ ಬಿದ್ದಾಗ ಜನ ಬರುವ ಹಾಗೆ.

ಪಕ್ಕದ ತೋಟದ ಹುಬರ್ಟ್ ಬೇಲಿಗೆ ಮೊಣಕೈ ಊರಿ
"ಕಾಲುದಾರಿಯ ಕಲ್ಲುಗಳ ಸಂದಿಗೆ ಸುರಿ, ಟ್ರೂಡಾ,
ಕಳೆಯೂ ಸಾಯುತ್ತೆ, ಒಂದೇ ಕಲ್ಲಿಗೆ ಎರಡು ಹಕ್ಕಿ" ಎಂದವನು
ಹಕ್ಕಿ ಅಂದದ್ದಕ್ಕೆ ನಾಲಗೆ ಕಚ್ಚಿಕೊಂಡ.
ಇಲ್ಲಾ ಹಿಂದಿನ ಮೋರಿಗೆ, ಎಂದ.
ಮೋರಿ ಹಳ್ಳಕ್ಕೆ, ಹಳ್ಳ ನದಿಗೆ.
ಸೈಲೀಶಿಯಾದ ಗಣಿಗಳೆಲ್ಲ ಕೈ ತೊಳೆದುಕೊಂಡು
ಬಾಗಿಲು ಹಾಕಿಕೊಂಡು ಹೋದ ನದಿ ಅದು.
ಅಪ್ಪನೂ ಗಣಿಯವನೇ; ನಮ್ಮ ಮನೆಯ ಪಾಲು
ಅಲ್ಲಿ ಆಗಲೇ ಸಂದಾಯವಾಗಿದೆ.

ಕ್ಯಾನಿನ ಬೆನ್ನಿಗೆ ಸಾಸಿವೆಯಂಥ ಅಕ್ಷರ.
ಹುಬರ್ಟ್ ಸ್ಟಾಂಪು ನೋಡುವ ಭೂತಗನ್ನಡಿ ತಂದುಕೊಟ್ಟ:
ಮೀನಿಗೆ ವಿಷ. ನೆಲಕ್ಕೆ ಬೇಡ, ಕೊಳಕ್ಕೆ ಬೇಡ, ಮಳೆನೀರ ಮೋರಿಗೆ ಬೇಡ.
ಮನೆಯ ಕಕ್ಕಸಿಗೆ ಸುರಿದು ಬೇಕಾದಷ್ಟು ನೀರು ಬಿಡಿ.
ತೋಟದಲ್ಲೂ ಒಂದು ಕಕ್ಕಸಿದೆ. ಗುಂಡಿ, ಮೇಲೊಂದು ಹಲಗೆ.
ಗುಂಡಿಯೂ ನೆಲವೇ ತಾನೆ, ಒಂದಾಳು ಕೆಳಗೆ?

ಎರಡನೇ ಬಕೆಟ್ಟಿಗೆ ಮುಚ್ಚಳ ಒತ್ತಿ, ಟೇಪು ಸುತ್ತಿ
ಐದೂಕಾಲರ ಟ್ರ್ಯಾಮು ಹತ್ತಿದೆ.
ಪಾದಗಳ ನಡುವೆ ಇಟ್ಟುಕೊಂಡೆ. ತಿರುವು ಬಂದಾಗೆಲ್ಲ
ಒಳಗೊಳಗೇ ತುಳುಕುತ್ತಿತ್ತು.
"ಹುಳಿ ಹಾಕಿದ ಸೌತೆಕಾಯಾ?" ಎದುರಿನ ಹೆಂಗಸು, ಆಸೆಯಿಂದ.
"ಪಾರಿವಾಳದ ಗೂಡು ತೊಳೆದ ನೀರು."
"ಎಲ್ಲಿಗೆ?"
"ಮನೆಗೆ."
ಎದ್ದು ಬೇರೆ ಸೀಟಿಗೆ ಹೋದಳು. ನಾನಾಗಿದ್ದರೂ ಹೋಗುತ್ತಿದ್ದೆ.

ಮೂರನೇ ಮಹಡಿ, ಲಿಫ್ಟಿಲ್ಲ.
ಪ್ರತಿ ತಿರುವಿನಲ್ಲೂ ಕೈ ಬದಲಿಸಿ, ಉಸಿರು ಬಿಟ್ಟು,
ಟೇಪು ಬಿಚ್ಚಿದರೆ ಮನೆಯೆಲ್ಲ ಅಣ್ಣನ ವಾರ್ಡಿನ ವಾಸನೆ.
ಕಕ್ಕಸಿಗೆ ಸ್ವಲ್ಪ ಸುರಿದೆ, ನೀರು ಬಿಟ್ಟೆ,
ಮತ್ತೆ ಸ್ವಲ್ಪ, ಮತ್ತೆ ನೀರು,
ಜ್ವರದ ಮಗುವಿಗೆ ಗಂಜಿ ಕುಡಿಸಿದ ಹಾಗೆ.
ಗೊಳಕ್ ಎಂದು ಹೋಯಿತು.
ಹೋಯಿತು ಅಂದರೆ ಇಲ್ಲವಾಯಿತು ಅಂತಲ್ಲ.
ಊರಾಚೆಯ ದೊಡ್ಡ ತೊಟ್ಟಿಗಳಲ್ಲಿ
ಕಣ್ಣಿಗೆ ಕಾಣದ ಸಣ್ಣ ಜೀವಗಳು
ರಾತ್ರಿ ಪಾಳಿಯಲ್ಲಿ ಅದನ್ನು ತಿಂದು ಮುಗಿಸಬೇಕು.
ಅವಕ್ಕೆ ಯಾರು ಫೋನು ಮಾಡುತ್ತಾರೆ.

ನನಗೆ ಬಂತು, ಎಂಟಕ್ಕೆ ಸರಿಯಾಗಿ.
"ನೀಲಿಯದು?"
"ಗೂಡು ತೊಳೆದೆ," ಎಂದೆ.
ಆ ಕಡೆ ಕೆಮ್ಮು. ಆಮೇಲೆ,
"ನೀರೆಲ್ಲಿ ಚೆಲ್ಲಿದೆ?"
ಒಂದು ಪ್ರಶ್ನೆಗಾದರೂ ನಿಜ ಹೇಳೋಣವೆಂದು
ಕರಂಟ್ ಗಿಡದ ಬುಡದಿಂದಲೇ ಶುರು ಮಾಡಿದೆ.